ನೆಪಗಳ ಮರೆಯಲ್ಲಿ ಬೆಳೆಯುವ ಸಕ್ಕರೆ ಕಾಯಿಲೆ

ಗುಡ್ಡ ಕುಸಿದರೆ ಸುದ್ದಿಯಾಗುತ್ತದೆ. ಕಾಡಾನೆ ತೋಟಕ್ಕೆ ನುಗ್ಗಿದರೆ ಸುದ್ದಿಯಾಗುತ್ತದೆ. ಕಾಫಿಯ ಬೆಲೆ ಏರಿದರೂ ಇಳಿದರೂ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹೊಟೇಲುಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಇದೇ ಊರುಗಳ ಮನೆಗಳೊಳಗೆ ಸದ್ದಿಲ್ಲದೆ ಕಾಲೂರಿರುವ ಒಂದು ಕಾಯಿಲೆ ಮಾತ್ರ ಸುದ್ದಿಯಾಗುವುದೇ ಇಲ್ಲ. ಹೆಬ್ಬೆರಳಿನ ಗಾಯ ಕೊಳೆತು ಕಾಲನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದಾಗ, ಅಥವಾ ವಾರಕ್ಕೆ ಎರಡು-ಮೂರು ಬಾರಿ ಡಯಾಲಿಸಿಸ್ ಅನಿವಾರ್ಯವೆಂದು ತಿಳಿದಾಗ ಮನೆಮಂದಿ ಬೆಚ್ಚಿಬೀಳುತ್ತಾರೆ. ‘ಇಷ್ಟು ದಿನ ಏನೂ ಇರಲಿಲ್ಲವಲ್ಲ’ ಎಂದು ಮರುಗುತ್ತಾರೆ. ನಿಜವಾಗಿಯೂ ಏನೂ ಇರಲಿಲ್ಲವೇ? ಅಥವಾ ಇದ್ದದ್ದನ್ನು ನಾವು ಬೇರೆ ಹೆಸರಿನಿಂದ ಕರೆಯುತ್ತಿದ್ದೆವೇ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ ಶೇ. 15.3ರಷ್ಟು, ಸುಮಾರು 13.6 ಕೋಟಿ ಮಂದಿ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಈ ಸಮೀಕ್ಷೆಯಲ್ಲಿ ನಮ್ಮಂಥ ಸಣ್ಣ ಪೇಟೆಗಳ ಜನರು ಗಮನಿಸಲೇಬೇಕಾದ ಒಂದು ಅಂಶವಿದೆ. ಮಧುಮೇಹಿಗಳ ಪ್ರಮಾಣವು ನಗರಗಳಲ್ಲಿ ಶೇ. 16.4 ಮತ್ತು ಹಳ್ಳಿಗಳಲ್ಲಿ ಶೇ. 8.9. ಆದರೆ ಹೊಸ್ತಿಲಲ್ಲಿ ನಿಂತವರ ಪ್ರಮಾಣದಲ್ಲಿ ನಗರಕ್ಕೂ ಹಳ್ಳಿಗೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಅಂದರೆ, ‘ಇದು ಬೆಂಗಳೂರಿನವರ ಕಾಯಿಲೆ, ಮಲೆನಾಡಿನ ಗಾಳಿ ಕುಡಿದವರಿಗೆ ಏನೂ ಆಗದು’ ಎಂಬ ನಂಬಿಕೆಗೆ ಇನ್ನು ಆಧಾರವಿಲ್ಲ. ನಮ್ಮ ಪಕ್ಕದ ಕೇರಳದಲ್ಲಿ ವಯಸ್ಕರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮಧುಮೇಹವಿದೆಯೆಂದು ಇದೇ ಸಮೀಕ್ಷೆ ಹೇಳಿದೆ. ಇಂದಿನ ಕೇರಳ ನಾಳಿನ ಮಲೆನಾಡಾಗಲು ಹೆಚ್ಚು ಕಾಲ ಬೇಕಾಗಿಲ್ಲ.

ಸಕ್ಕರೆ ಕಾಯಿಲೆಯನ್ನು ಸದ್ದಿಲ್ಲದೆ ಬರುವ ಕಳ್ಳನೆಂದು ಕರೆಯುವುದು ವಾಡಿಕೆ. ಅದು ಅರ್ಧ ಸತ್ಯ ಮಾತ್ರ. ಬಹಳಷ್ಟು ಮಂದಿಯಲ್ಲಿ ಅದು ಬಾಗಿಲು ಬಡಿದೇ ಬರುತ್ತದೆ. ಆದರೆ ಈ ಕಾಫಿ ಸೀಮೆಯ ಬದುಕು ಹೇಗಿದೆಯೆಂದರೆ, ಅದರ ಪ್ರತಿಯೊಂದು ಬಡಿತಕ್ಕೂ ನಮ್ಮಲ್ಲಿ ಒಂದೊಂದು ನೆಪ ಮೊದಲೇ ಸಿದ್ಧವಿರುತ್ತದೆ. ಮಳೆಯ ನೆಪ, ಚಳಿಯ ನೆಪ, ಕೊಯ್ಲಿನ ನೆಪ, ವಯಸ್ಸಿನ ನೆಪ, ಉಪವಾಸದ ನೆಪ. ಆ ನೆಪಗಳನ್ನು ಒಂದೊಂದಾಗಿ ಸರಿಸಿ ನೋಡುವುದು ಇಂದಿನ ತುರ್ತು.

ಮೊದಲನೆಯದು ಮೂತ್ರ. ಆಷಾಢದ ಜಡಿಮಳೆಯಲ್ಲಿ, ಪುಷ್ಯದ ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಸಹಜವೇ. ಬೆವರು ಕಡಿಮೆಯಾದಾಗ ದೇಹವು ನೀರನ್ನು ಹೊರಹಾಕುವ ದಾರಿ ಅದು. ಆದರೆ ಬಿಸಿಲು ಬಂದ ಮೇಲೂ, ಬೇಸಿಗೆಯಲ್ಲೂ ರಾತ್ರಿ ಎರಡು-ಮೂರು ಬಾರಿ ಎದ್ದು ಹೋಗಬೇಕಾಗಿ ಬಂದರೆ ಅದು ಚಳಿಯಲ್ಲ. ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳಿಗೆ ಅದನ್ನು ತಡೆಹಿಡಿಯಲು ಸಾಧ್ಯವಾಗುವುದಿಲ್ಲ. ಸಕ್ಕರೆ ಮೂತ್ರಕ್ಕೆ ಹರಿಯುತ್ತದೆ, ತನ್ನ ಜೊತೆಗೆ ನೀರನ್ನೂ ಸೆಳೆದೊಯ್ಯುತ್ತದೆ. ನೀರು ಹೋದ ದೇಹ ಬಾಯಾರುತ್ತದೆ. ಎಷ್ಟು ಕುಡಿದರೂ ನಾಲಿಗೆ ಒಣಗುತ್ತದೆ. ನಾವಾದರೋ ‘ರಾತ್ರಿ ಬಿರಿಯಾನಿ ಉಂಡದ್ದಕ್ಕೆ ದಾಹ, ದಾಹಕ್ಕೆ ನೀರು ಕುಡಿದದ್ದಕ್ಕೆ ಮೂತ್ರ’ ಎಂದು ಲೆಕ್ಕವನ್ನು ತಲೆಕೆಳಗು ಮಾಡಿ ಸಮಾಧಾನಪಟ್ಟುಕೊಳ್ಳುತ್ತೇವೆ.

ಎರಡನೆಯದು ಆಯಾಸ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಆರಂಭವಾದರೆ ರೋಬಸ್ಟಾ ಕೊಯ್ಲು ಮಾರ್ಚ್‌ವರೆಗೂ ಎಳೆಯುತ್ತದೆ. ಈ ಅವಧಿಯಲ್ಲಿ ಕೂಲಿಯವರಿಂದ ಹಿಡಿದು ವ್ಯಾಪಾರಿಗಳವರೆಗೆ, ಲಾರಿ ಚಾಲಕರಿಂದ ಹಿಡಿದು ಕಣದಲ್ಲಿ ಕಾಫಿ ಹರಡುವ ಹೆಂಗಸರವರೆಗೆ ಎಲ್ಲರೂ ಬಳಲಿರುತ್ತಾರೆ. ಆದ್ದರಿಂದ ಯಾರಾದರೂ ಸುಸ್ತೆಂದರೆ ‘ಕೊಯ್ಲು ಮುಗಿಯಲಿ, ಸರಿಯಾಗುತ್ತದೆ’ ಎಂಬ ಉತ್ತರ ತಯಾರಿರುತ್ತದೆ. ದುಡಿಮೆಯ ಆಯಾಸ ಒಂದು ರಾತ್ರಿಯ ನಿದ್ದೆಯಿಂದ, ಒಂದು ಶುಕ್ರವಾರದ ಬಿಡುವಿನಿಂದ ಇಳಿಯಬೇಕು. ಬೆಳಿಗ್ಗೆ ಎದ್ದಾಗಲೇ ಕೈಕಾಲು ಸೋತಿದ್ದರೆ, ಹೊಟ್ಟೆ ತುಂಬ ಉಂಡ ಮೇಲೂ ಶಕ್ತಿ ಬಾರದಿದ್ದರೆ ಅದರ ಮೂಲವನ್ನು ರಕ್ತದಲ್ಲಿ ಹುಡುಕಬೇಕು. ಸಕ್ಕರೆ ರಕ್ತದಲ್ಲಿ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳ ಒಳಗೆ ಹೋಗಲಾರದ ಸ್ಥಿತಿಯೇ ಮಧುಮೇಹ. ಕಣಜ ತುಂಬಿದ್ದರೂ ಒಲೆ ಉರಿಯದ ಮನೆಯಂತೆ.

ಮೂರನೆಯದು ತೂಕ. ಹಸಿವು ಹೆಚ್ಚಿ, ಊಟ ಹೆಚ್ಚಿ, ಆದರೂ ಎರಡು-ಮೂರು ತಿಂಗಳಲ್ಲಿ ನಾಲ್ಕೈದು ಕಿಲೋ ಇಳಿದರೆ ನಮ್ಮಲ್ಲಿ ಕೆಲವರು ಸಂತೋಷಪಡುತ್ತಾರೆ, ಕೆಲವರು ದೃಷ್ಟಿಯಾಗಿದೆಯೆಂದು ನೂಲು ಕಟ್ಟಿಸುತ್ತಾರೆ. ಸಕ್ಕರೆಯನ್ನು ಬಳಸಲಾಗದ ದೇಹವು ತನ್ನದೇ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿ ಉರಿಸುತ್ತಿರುವ ಸೂಚನೆ ಅದು. ಕಾರಣವಿಲ್ಲದೆ ಇಳಿಯುವ ತೂಕ ಯಾವ ವಯಸ್ಸಿನಲ್ಲೂ ಶುಭ ಸುದ್ದಿಯಲ್ಲ.

ನಾಲ್ಕನೆಯದು ಚರ್ಮ ಮತ್ತು ಗಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಬಟ್ಟೆ, ಒದ್ದೆ ಬೂಟು, ಕಾಲ್ಬೆರಳ ಸಂದಿಯ ಕೆಸರುಹುಣ್ಣು ಈ ಕಡೆಯ ಎಲ್ಲರಿಗೂ ಪರಿಚಿತ. ಆದ್ದರಿಂದ ತುರಿಕೆಯನ್ನಾಗಲೀ ಮಾಯದ ಗಾಯವನ್ನಾಗಲೀ ಮಳೆಯ ಲೆಕ್ಕಕ್ಕೆ ಬರೆಯುವುದು ಸುಲಭ. ಆದರೆ ತೋಟದಲ್ಲಿ ಇಂಬಳ ಕಚ್ಚಿದ ಗಾಯ ವಾರಗಟ್ಟಲೆ ಮಾಯದಿದ್ದರೆ, ಕುರು ಒಂದು ಕಡೆ ಒಣಗಿ ಇನ್ನೊಂದು ಕಡೆ ಏಳುತ್ತಿದ್ದರೆ, ವಸಡು ಪದೇ ಪದೇ ಊದಿ ಹಲ್ಲು ಸಡಿಲವಾಗುತ್ತಿದ್ದರೆ ಮುಲಾಮು ಬದಲಾಯಿಸುವ ಮುನ್ನ ಸಕ್ಕರೆ ಪರೀಕ್ಷಿಸುವುದು ವಿವೇಕ. ಇನ್ನೂ ಅಪಾಯಕಾರಿಯಾದುದು ಇಂಬಳ ಕಚ್ಚಿದ್ದೇ ತಿಳಿಯದಿರುವುದು. ಪಾದ ಜೋಮು ಹಿಡಿದಂತಿರುವುದು, ಅಂಗಾಲಿನಲ್ಲಿ ಉರಿ, ಚಪ್ಪಲಿ ಜಾರಿ ಹೋದದ್ದು ಅರಿವಾಗದಿರುವುದು. ಇವೆಲ್ಲ ಚಳಿಯಿಂದಲ್ಲ, ಸೋಲುತ್ತಿರುವ ನರಗಳಿಂದ. ಕಾಲು ಕಳಕೊಂಡ ಮಧುಮೇಹಿಗಳಲ್ಲಿ ಬಹಳಷ್ಟು ಮಂದಿಯ ಕಥೆ ನೋವಿಲ್ಲದ ಒಂದು ಸಣ್ಣ ಗಾಯದಿಂದಲೇ ಆರಂಭವಾಗುತ್ತದೆ.

ಐದನೆಯದು ಕಣ್ಣು. ನಲ್ವತ್ತು ದಾಟಿದ ಮೇಲೆ ಕನ್ನಡಕ ಬರುವುದು ಸಹಜವೆಂದು ಎಲ್ಲರಿಗೂ ಗೊತ್ತು. ಆದರೆ ಒಂದು ವಾರ ಸ್ಪಷ್ಟ, ಮತ್ತೊಂದು ವಾರ ಮಂಜು ಎಂಬಂತೆ ದೃಷ್ಟಿ ಏರಿಳಿಯುತ್ತಿದ್ದರೆ ಅದು ವಯಸ್ಸಲ್ಲ. ಸಕ್ಕರೆಯ ಏರಿಳಿತಕ್ಕೆ ತಕ್ಕಂತೆ ಕಣ್ಣಿನ ಮಸೂರ ನೀರುಂಡು ಉಬ್ಬುತ್ತದೆ. ಇಂಥವರು ಕನ್ನಡಕದಂಗಡಿಯಲ್ಲಿ ವರ್ಷಕ್ಕೆರಡು ಬಾರಿ ನಂಬರು ಬದಲಾಯಿಸಿಕೊಂಡು ಹಣ ಕಳಕೊಳ್ಳುತ್ತಾರೆ, ಕಾಲವನ್ನೂ ಕಳಕೊಳ್ಳುತ್ತಾರೆ.

ಇವಿಷ್ಟು ಮನೆಯಲ್ಲಿ ಹೇಳಿಕೊಳ್ಳಬಹುದಾದ ಲಕ್ಷಣಗಳು. ಹೇಳಿಕೊಳ್ಳಲಾಗದ ಲಕ್ಷಣಗಳೂ ಇವೆ, ಮತ್ತು ನಮ್ಮ ಸಮುದಾಯದಲ್ಲಿ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಅವೇ. ಮೂತ್ರದಲ್ಲಿ ಸಕ್ಕರೆ ಇದ್ದಾಗ ಗುಪ್ತಾಂಗದಲ್ಲಿ ಶಿಲೀಂಧ್ರದ ಸೋಂಕು ಬೇಗ ತಗಲುತ್ತದೆ, ಮರಳಿ ಮರಳಿ ಬರುತ್ತದೆ. ಎಷ್ಟೋ ಹೆಣ್ಮಕ್ಕಳು ಈ ತುರಿಕೆಯನ್ನು ವರ್ಷಗಟ್ಟಲೆ ಸಹಿಸುತ್ತಾರೆಯೇ ಹೊರತು ಗಂಡನೊಡನೆಯಾಗಲೀ ಅತ್ತೆಯೊಡನೆಯಾಗಲೀ ಬಾಯಿ ಬಿಡುವುದಿಲ್ಲ. ಊರಿನ ಆಸ್ಪತ್ರೆಯಲ್ಲಿ ಮಹಿಳಾ ವೈದ್ಯರಿಲ್ಲದಿದ್ದರೆ ಆ ಮೌನಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಪುರುಷರಲ್ಲಿ ದಾಂಪತ್ಯ ಜೀವನದ ನಿಶ್ಶಕ್ತಿಯು ಮಧುಮೇಹದ ಮುನ್ಸೂಚನೆಯಾಗಿರಬಹುದು. ಅವರು ವೈದ್ಯರ ಬದಲು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿಯ ‘ಗುಪ್ತರೋಗ ತಜ್ಞ’ನನ್ನು ಹುಡುಕಿ ಹೋಗುತ್ತಾರೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ವೈದ್ಯ ಗ್ರಂಥದಲ್ಲಿ ಈ ರೋಗದ ಬಗ್ಗೆ ಬರೆಯುವಾಗ ಇದನ್ನೂ ಸಂಕೋಚವಿಲ್ಲದೆ ದಾಖಲಿಸಿದ್ದರು. ಅವರ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು ಅವರ ನೇರ ಮಾತನ್ನು ಮಾತ್ರ ಬಿಟ್ಟುಬಿಟ್ಟೆವು.

ಹದಿಹರೆಯದವರ ಕತ್ತಿನ ಹಿಂಭಾಗದಲ್ಲಿ, ಕಂಕುಳಲ್ಲಿ ಕಾಣಿಸುವ ಮಖ್ಮಲ್‌ನಂಥ ದಪ್ಪ ಕಪ್ಪು ಪಟ್ಟಿಯೂ ಒಂದು ಸೂಚನೆ. ತಾಯಂದಿರು ಕೊಳೆಯೆಂದು ತಿಕ್ಕಿ ತೊಳೆಯುತ್ತಾರೆ. ಹುಡುಗಿಯಾದರೆ ಮದುವೆಗೆ ಅಡ್ಡಿಯಾದೀತೆಂದು ಬಣ್ಣ ಬಿಳಿಚಿಸುವ ಕ್ರೀಮುಗಳ ಮೊರೆಹೋಗುತ್ತಾರೆ. ಅದು ತಿಕ್ಕಿದರೆ ಹೋಗುವ ಕೊಳೆಯಲ್ಲ. ಇನ್ಸುಲಿನ್ ಇದ್ದೂ ದೇಹ ಅದಕ್ಕೆ ಸ್ಪಂದಿಸುತ್ತಿಲ್ಲ ಎಂಬುದನ್ನು ಚರ್ಮ ಮೊದಲೇ ಹೇಳುತ್ತಿರುವ ರೀತಿ ಅದು. ಹತ್ತು ವರ್ಷಗಳ ನಂತರ ಬರಬಹುದಾದ ಕಾಯಿಲೆಯನ್ನು ಈಗಲೇ ತಡೆಯಲು ಸಿಗುವ ಇಂಥ ಅವಕಾಶವನ್ನು ಕ್ರೀಮಿನ ಅಡಿಯಲ್ಲಿ ಮುಚ್ಚುವುದು ಜಾಣತನವಲ್ಲ.

ಹಾಗಾದರೆ ಈ ಲಕ್ಷಣಗಳು ಯಾವುವೂ ಇಲ್ಲದವರು ನಿಶ್ಚಿಂತರಾಗಿರಬಹುದೇ? ಖಂಡಿತ ಇಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಸುಶ್ರುತರ ಕಾಲದಿಂದಲೂ ಈ ರೋಗದ ಗುರುತೆಂದು ತಿಳಿಯಲಾಗಿದೆ. ನಮ್ಮ ಹಿರಿಯರಲ್ಲಿ ಕೆಲವರು ಇಂದಿಗೂ ಅದನ್ನೇ ಪರೀಕ್ಷೆಯೆಂದು ನಂಬಿದ್ದಾರೆ. ಆದರೆ ಇರುವೆ ಬರಬೇಕಾದರೆ ರಕ್ತದ ಸಕ್ಕರೆ 180 ದಾಟಿರಬೇಕು. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೇ ಅದು ಮಧುಮೇಹ. ಈ 126ಕ್ಕೂ 180ಕ್ಕೂ ನಡುವಿನ ದಾರಿಯನ್ನು ದಾಟಲು ಕಾಯಿಲೆಗೆ ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. ಆ ವರ್ಷಗಳಲ್ಲಿ ದಾಹವಿಲ್ಲ, ಸುಸ್ತಿಲ್ಲ, ಇರುವೆಯೂ ಇಲ್ಲ. ಆದರೆ ಕಣ್ಣಿನ ಪರದೆ, ಮೂತ್ರಪಿಂಡ, ಹೃದಯದ ರಕ್ತನಾಳಗಳು ಒಳಗೊಳಗೇ ಸವೆಯುತ್ತಿರುತ್ತವೆ. ಆದ್ದರಿಂದ ಲಕ್ಷಣ ಕಂಡವರು ತಡಮಾಡಬಾರದು, ಕಾಣದವರು ಲಕ್ಷಣಕ್ಕಾಗಿ ಕಾಯಬಾರದು.

ಯಾರು ಕಾಯಬಾರದು ಎಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಚೆನ್ನೈಯ ಡಾ. ವಿ. ಮೋಹನ್ ಮತ್ತವರ ಸಹೋದ್ಯೋಗಿಗಳು 2005ರಲ್ಲಿ ಭಾರತೀಯರಿಗಾಗಿಯೇ ಒಂದು ಅಂಕಪಟ್ಟಿಯನ್ನು ರೂಪಿಸಿದರು. ವಯಸ್ಸು 35ರಿಂದ 49 ಆಗಿದ್ದರೆ 20 ಅಂಕ, 50 ದಾಟಿದ್ದರೆ 30. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ 10. ಅದಕ್ಕಿಂತಲೂ 10 ಸೆಂಟಿಮೀಟರ್ ಹೆಚ್ಚಿದರೆ 20. ಲಘು ಕೆಲಸವಷ್ಟೇ ಇದ್ದರೆ 20, ಕುಳಿತೇ ದಿನ ಕಳೆಯುವವರಿಗೆ 30. ತಂದೆತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ದಾಟಿದರೆ ಅಪಾಯ ಹೆಚ್ಚು. ಐವತ್ತು ದಾಟಿದ, 95 ಸೆಂಟಿಮೀಟರ್ ಸೊಂಟದ, ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ, ತಾಯಿಗೆ ಸಕ್ಕರೆ ಕಾಯಿಲೆಯಿದ್ದ ವ್ಯಾಪಾರಿಯೊಬ್ಬರ ಅಂಕ 80! ನಮ್ಮ ಓದುಗರು ಇಂದು ರಾತ್ರಿಯೇ ಮನೆಮಂದಿಯನ್ನು ಕೂರಿಸಿಕೊಂಡು ಈ ಲೆಕ್ಕ ಮಾಡಲಿ.

ಅಂಕ ಹೆಚ್ಚಿದ್ದವರು ಪ್ರಯೋಗಾಲಯಕ್ಕೆ ಹೋಗಬೇಕು. ರಾತ್ರಿಯೆಲ್ಲ ಏನೂ ತಿನ್ನದೆ ಬೆಳಿಗ್ಗೆ ಕೊಟ್ಟ ರಕ್ತದಲ್ಲಿ ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಸರಿ. 100ರಿಂದ 125 ಇದ್ದರೆ ಹೊಸ್ತಿಲು. 126 ಮತ್ತು ಮೇಲಿದ್ದರೆ ಮಧುಮೇಹ. ಲಕ್ಷಣಗಳಿಲ್ಲದವರು ಇನ್ನೊಂದು ಬಾರಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರಿಂದ 6.4 ಹೊಸ್ತಿಲಾದರೆ 6.5ರಿಂದ ಮೇಲೆ ಕಾಯಿಲೆ. ರಕ್ತಹೀನತೆ ಇರುವವರಲ್ಲಿ ಈ ಎರಡನೆಯ ಪರೀಕ್ಷೆ ದಾರಿ ತಪ್ಪಿಸಬಹುದಾದ್ದರಿಂದ ಹೆಂಗಸರು ವೈದ್ಯರ ಸಲಹೆ ಕೇಳುವುದು ಒಳ್ಳೆಯದು.

ಹೊಸ್ತಿಲಲ್ಲಿ ಸಿಕ್ಕಿಬಿದ್ದವರು ಎದೆಗುಂದಬೇಕಾಗಿಲ್ಲ. ಮರಳಿ ಹೋಗುವ ದಾರಿ ಅಲ್ಲಿ ತೆರೆದೇ ಇರುತ್ತದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ತೂಕ ಇಳಿಸಿ ನಿತ್ಯ ನಡೆದವರಲ್ಲಿ ಮಧುಮೇಹ ತಗಲುವ ಅಪಾಯ ಶೇ. 58ರಷ್ಟು ತಗ್ಗಿತು. ಡಾ. ಎ. ರಾಮಚಂದ್ರನ್ ನೇತೃತ್ವದಲ್ಲಿ ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟದ ಕ್ರಮ ತಿದ್ದಿ ನಡಿಗೆ ರೂಢಿಸಿಕೊಂಡ ಭಾರತೀಯರಲ್ಲಿ ಈ ಇಳಿಕೆ ಶೇ. 28.5 ಇತ್ತು. ಇದಕ್ಕೆ ದುಬಾರಿ ಔಷಧಿ ಬೇಕಾಗಲಿಲ್ಲ. ಬೇಕಾದದ್ದು ಸಕಾಲದಲ್ಲಿ ಗೊತ್ತಾಗುವುದು ಮಾತ್ರ.

ಗರ್ಭಿಣಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಗರ್ಭಾವಸ್ಥೆಯಲ್ಲಿ ಕಾಣಿಸಿಕೊಳ್ಳುವ ಮಧುಮೇಹಕ್ಕೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ನಡೆಸುವ ಪರೀಕ್ಷೆಯಲ್ಲಿ 140 ದಾಟಿದರೆ ಅದು ಪತ್ತೆಯಾಗುತ್ತದೆ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಈ ಪರೀಕ್ಷೆ ಆಗಬೇಕು. ಮೈಸೂರಿನ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಗಮನಿಸುತ್ತ ಬಂದ ಸಂಶೋಧಕರು ಕಂಡುಕೊಂಡದ್ದು ಇಷ್ಟು: ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಎಳವೆಯಲ್ಲೇ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್‌ಗೆ ದೇಹದ ಸ್ಪಂದನೆ ಕುಗ್ಗಿತ್ತು. ಅಂದರೆ ತಾಯಿಯ ಪರೀಕ್ಷೆ ತಪ್ಪಿದರೆ ಎರಡು ತಲೆಮಾರುಗಳ ಆರೋಗ್ಯ ತಪ್ಪುತ್ತದೆ. ಹೆರಿಗೆಯ ನಂತರ ಸಕ್ಕರೆ ಇಳಿಯಿತೆಂದು ಮರೆಯುವವರೇ ಹೆಚ್ಚು. ಆರು ವಾರಗಳ ಬಳಿಕ ಮತ್ತೊಮ್ಮೆ, ಅನಂತರ ವರ್ಷಕ್ಕೊಮ್ಮೆ ಪರೀಕ್ಷೆ ಅಗತ್ಯ. ಬಾಣಂತಿಗೆ ತುಪ್ಪ, ಬೆಲ್ಲ, ಲೇಹ್ಯ ತಿನ್ನಿಸುವುದಷ್ಟೇ ಆರೈಕೆಯಲ್ಲ.

ಮಕ್ಕಳಲ್ಲಿ ಬರುವ ಮೊದಲ ಬಗೆಯ ಮಧುಮೇಹವು ತಿಂಗಳುಗಟ್ಟಲೆ ಕಾಯುವುದಿಲ್ಲ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸಿದರೆ, ಸದಾ ನೀರು ಕೇಳಿದರೆ, ಕೆಲವೇ ವಾರಗಳಲ್ಲಿ ಬಡಕಲಾದರೆ ಅದೇ ದಿನ ಸಕ್ಕರೆ ನೋಡಬೇಕು. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು ಇವು ಸೇರಿದರೆ ಗಂಟೆಗಳ ಲೆಕ್ಕ. ಇದನ್ನು ಅಜೀರ್ಣವೆಂದು ತಿಳಿದು ಕಷಾಯ ಕುಡಿಸುತ್ತ ಕೂರುವಂತಿಲ್ಲ. ಮೂಡಿಗೆರೆ, ಬಣಕಲ್ ಕಡೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಚಾರ್ಮಾಡಿ ಇಳಿದು ಮಂಗಳೂರು, ಕಳಸದವರಿಗೆ ಕುದುರೆಮುಖದ ದಾರಿಯಾಗಿ ಕರಾವಳಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದನ್ನು ನಾವಾರೂ ಮರೆತಿಲ್ಲ. ಮಳೆಗಾಲದಲ್ಲಿ ದಾರಿಯ ಭರವಸೆಯಿಲ್ಲದ ಸೀಮೆಯಲ್ಲಿ ಕಾಯಿಲೆಯನ್ನು ಮೊದಲೇ ಗುರುತಿಸುವುದೊಂದೇ ಭರವಸೆ.

ಇನ್ನು ರಮಝಾನಿನ ನೆಪ. ಈ ಕೆಲವು ವರ್ಷಗಳಿಂದ ಉಪವಾಸದ ತಿಂಗಳು ರೋಬಸ್ಟಾ ಕೊಯ್ಲಿನ ಕಾಲಕ್ಕೇ ಬರುತ್ತಿದೆ. ದಾಹ, ಸುಸ್ತು, ತೂಕ ಇಳಿಕೆ ಎಲ್ಲವೂ ಉಪವಾಸದ ಖಾತೆಗೆ ಹೋಗುತ್ತವೆ. ಆದರೆ ಇಫ್ತಾರ್ ಮುಗಿದು, ಹೊಟ್ಟೆ ತಂಪಾಗಿ, ತರಾವೀಹ್ ನಮಾಝಿನ ನಡುವೆಯೂ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗಿ ಬರುವವರು ಎಚ್ಚೆತ್ತುಕೊಳ್ಳಬೇಕು. ಕಾಯಿಲೆ ಇದೆಯೆಂದು ಗೊತ್ತಿದ್ದವರು ರಮಝಾನಿಗೆ ಒಂದೆರಡು ತಿಂಗಳ ಮುಂಚೆಯೇ ವೈದ್ಯರನ್ನು ಕಂಡು ಮಾತ್ರೆ-ಇನ್ಸುಲಿನ್‌ಗಳ ಪ್ರಮಾಣ, ಸಮಯ ತಿದ್ದಿಸಿಕೊಳ್ಳಬೇಕು. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂಬುದು ವೈದ್ಯರ ಮಾತು. ಮಗ್ರಿಬ್‌ಗೆ ಅರ್ಧ ಗಂಟೆಯಷ್ಟೇ ಉಳಿದಿದೆಯೆಂದು ಹಟ ಹಿಡಿಯುವುದು ಭಕ್ತಿಯಲ್ಲ. ರೋಗಿಗೆ ಪವಿತ್ರ ಕುರ್‌ಆನ್ ರಿಯಾಯಿತಿ ಕೊಟ್ಟಿರುವಾಗ ಅದನ್ನು ನಿರಾಕರಿಸಿ ಆಸ್ಪತ್ರೆ ಸೇರುವುದರಲ್ಲಿ ಯಾವ ಹಿರಿಮೆಯೂ ಇಲ್ಲ.

ಊಟದ ಬಗ್ಗೆ ಒಂದು ಮಾತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯಮನಿನ ಮೋಕಾದಿಂದ ಏಳು ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬುದು ಜನಜನಿತ ಕಥೆ. ಅವರು ತಂದದ್ದು ಕಾಫಿ, ಸಕ್ಕರೆಯಲ್ಲ! ಒಂದು ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟ ಕಾಫಿ ಕುಡಿದರೆ ಸುಮಾರು 50 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ವಯಸ್ಕರಿಗೆ ಹಾಕಿದ ಗರಿಷ್ಠ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆಂದು ಅದು ಹೇಳಿದೆ. ಬೆಲ್ಲದ ಕಾಫಿಯೂ ಇದಕ್ಕೆ ಹೊರತಲ್ಲ. ಮೇಲಾಗಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಕುಚ್ಚಲಕ್ಕಿಯ ಬದಲು ಬೆಳ್ತಿಗೆ ಅನ್ನ, ರಾತ್ರಿ ಮತ್ತೆ ಅನ್ನ, ವಾರಕ್ಕೊಂದು ಮದುವೆ, ಮದುವೆಯಲ್ಲಿ ಬಿರಿಯಾನಿಯ ಮೇಲೆ ಎರಡು ಬಗೆಯ ಸಿಹಿ, ಬಣ್ಣದ ಪಾನೀಯ. ಹಿಂದೆ ಗುಡ್ಡ ಹತ್ತಿಳಿದು ಇದನ್ನೆಲ್ಲ ಅರಗಿಸಿಕೊಳ್ಳುತ್ತಿದ್ದೆವು. ಈಗ ಕಾಲು ಕಿಲೋಮೀಟರ್ ದೂರದ ಮಸೀದಿಗೂ ಬೈಕು ಬೇಕು. ಅನ್ನವನ್ನು ದೂರುವುದು ನಮ್ಮ ಉದ್ದೇಶವಲ್ಲ. ತಟ್ಟೆಯ ಅರ್ಧ ಭಾಗ ತರಕಾರಿಗೂ ಕಾಲು ಭಾಗ ಮೀನು, ಮೊಟ್ಟೆ, ಬೇಳೆಗೂ ಬಿಟ್ಟುಕೊಡಿ ಎಂಬುದಷ್ಟೇ ವಿನಂತಿ.

ರೋಗ ತಿಳಿದ ಮೇಲೂ ದಾರಿ ತಪ್ಪಿಸುವವರಿದ್ದಾರೆ. ‘ನಲ್ವತ್ತು ದಿನಗಳಲ್ಲಿ ಸಕ್ಕರೆ ಕಾಯಿಲೆ ಬೇರುಸಹಿತ ನಿವಾರಣೆ’ ಎಂಬ ಜಾಹೀರಾತುಗಳನ್ನು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ಆ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹದ ಹೆಸರೂ ಇದೆ. ಆದರೂ ಗೋಡೆಗಳ ಮೇಲೆ, ಮೊಬೈಲುಗಳಲ್ಲಿ ಅವು ರಾರಾಜಿಸುತ್ತಿವೆ. ಹಾಗಲಕಾಯಿ, ಮೆಂತ್ಯ ಊಟದ ಭಾಗವಾಗಿರಲಿ, ಮಾತ್ರೆಯ ಬದಲಿಯಾಗದಿರಲಿ. ಇನ್ಸುಲಿನ್ ಎಂದರೆ ಕೊನೆಯ ಘಟ್ಟವೆಂಬ ಭಯವೂ ಹೋಗಬೇಕು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಸಾವಿನ ಅಂಚಿನಲ್ಲಿದ್ದ 14 ವರ್ಷದ ಬಾಲಕನಿಗೆ ಮೊದಲ ಬಾರಿಗೆ ಅದನ್ನು ಕೊಟ್ಟಾಗ ಅದು ಜೀವ ಉಳಿಸಿತ್ತು. ಇಂದಿಗೂ ಅದು ಮಾಡುತ್ತಿರುವುದು ಅದನ್ನೇ.

ಇಷ್ಟೆಲ್ಲ ಹೊಣೆಯನ್ನು ಜನರ ಮೇಲೆ ಹೊರಿಸಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. ಮೂವತ್ತು ದಾಟಿದವರನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಿಸಿ 2025ರಲ್ಲಿ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಯೋಜನೆ ಒಳ್ಳೆಯದೇ. ಆದರೆ ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ಒಂದು ಗುಡ್ಡವಿರುವ ಕಳಸದಂಥ ಕಡೆ ಆಶಾ ಕಾರ್ಯಕರ್ತೆ ನಡೆದೇ ಹೋಗಬೇಕು. ಬಯಲುಸೀಮೆಯ ಗುರಿಯನ್ನೇ ಮಲೆನಾಡಿಗೂ ವಿಧಿಸಿದರೆ ಕಡತ ತುಂಬೀತು, ತಪಾಸಣೆ ನಡೆಯದು. ತೋಟಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಪಾಡು ಇನ್ನೂ ಕಷ್ಟ. ಅಸ್ಸಾಮಿನಿಂದ ಬಂದವರಿಗೆ ಇಲ್ಲಿನ ಭಾಷೆಯೇ ತಿಳಿಯದು. ತೋಟದ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಸಲಾಗಿದ್ದು, 2025ರ ನವೆಂಬರ್ 21ರಂದು ಆ ಸಂಹಿತೆ ಜಾರಿಗೆ ಬಂದಿದೆ. ಕಾಯ್ದೆಯ ಹೆಸರು ಬದಲಾದಾಗ ಕಾರ್ಮಿಕನ ಹಕ್ಕು ಕಳೆದುಹೋಗದಂತೆ ನೋಡಿಕೊಳ್ಳುವವರು ಯಾರು? ಚುನಾವಣೆಯ ಸಮಯದಲ್ಲಿ ಲೈನ್ ಮನೆಗಳ ಬಾಗಿಲು ಬಡಿಯುವ ಎಲ್ಲ ಪಕ್ಷಗಳ ನಾಯಕರಲ್ಲೂ ಈ ಪ್ರಶ್ನೆ ಕೇಳಬೇಕಾಗಿದೆ.

ಹಾಗೆಂದು ಸರಕಾರ ಬರುವವರೆಗೆ ಸಮುದಾಯ ಕಾದು ಕೂರಬೇಕಾಗಿಲ್ಲ. ಪ್ರತಿ ಜಮಾಅತ್‌ನ ಬಳಿಯೂ ಮನೆಗಳ ಪಟ್ಟಿಯಿದೆ, ವಂತಿಗೆ ಸಂಗ್ರಹಿಸುವ ವ್ಯವಸ್ಥೆಯಿದೆ, ಸಭಾಂಗಣವಿದೆ. ಆರು ತಿಂಗಳಿಗೊಮ್ಮೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಮೂವತ್ತು ದಾಟಿದ ಎಲ್ಲರ, ಯಾವ ಧರ್ಮದವರೇ ಆಗಲಿ, ನೆರೆಹೊರೆಯ ಎಲ್ಲರ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿದರೆ ಖರ್ಚೆಷ್ಟಾದೀತು? ಒಂದು ಮದುವೆಯ ಸಿಹಿತಿಂಡಿಯ ಖರ್ಚಿಗಿಂತ ಕಡಿಮೆ. ಮಹಿಳೆಯರಿಗೆ ಪ್ರತ್ಯೇಕ ದಿನ, ಮಹಿಳಾ ದಾದಿಯರು ಇರಲಿ. ಹೆಣ್ಮಕ್ಕಳು ಹೇಳಿಕೊಳ್ಳಲಾಗದ್ದನ್ನು ಅಲ್ಲಾದರೂ ಹೇಳಿಕೊಳ್ಳಲಿ. ಖತೀಬರು ವರ್ಷಕ್ಕೊಂದು ಶುಕ್ರವಾರದ ಪ್ರವಚನವನ್ನು ಶರೀರದ ಹಕ್ಕುಗಳಿಗೆ ಮೀಸಲಿಡಲಿ. ಸಕ್ಕರೆ ಕಾಯಿಲೆ ಇದೆಯೆಂಬ ಕಾರಣಕ್ಕೆ ಹುಡುಗಿಯ ಸಂಬಂಧ ಮುರಿಯುವ ಕೆಟ್ಟ ಚಾಳಿಯ ವಿರುದ್ಧವೂ ಅವರು ಮಾತಾಡಲಿ. ಮುಚ್ಚಿಡುವುದಕ್ಕೆ ದೊಡ್ಡ ಕಾರಣ ಆ ಭಯವೇ ಆಗಿದೆ.

ಮಳೆ ನಿಲ್ಲುತ್ತದೆ, ಕೊಯ್ಲು ಮುಗಿಯುತ್ತದೆ, ರಮಝಾನ್ ಕಳೆದು ಹಬ್ಬ ಬರುತ್ತದೆ. ಆಗಲೂ ದಾಹ ಹೋಗದಿದ್ದರೆ, ಸುಸ್ತು ಇಳಿಯದಿದ್ದರೆ ನಮ್ಮಲ್ಲಿ ಇನ್ನಾವ ನೆಪ ಉಳಿಯುತ್ತದೆ? ಆ ದಿನಕ್ಕಾಗಿ ಕಾಯುವುದು ಬೇಡ. ನೆಪ ನಿಜವೋ ಸುಳ್ಳೋ ಎಂದು ತಿಳಿಯಲು ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಅದನ್ನು ಕೊಡಲು ಹಿಂಜರಿದವರು ಮುಂದೆ ಕಾಲನ್ನೋ ಕಣ್ಣನ್ನೋ ಕೊಡಬೇಕಾಗಿ ಬರುವುದನ್ನು ನಾವು ಸಾಕಷ್ಟು ನೋಡಿದ್ದೇವೆ.